ಪೈಲ್ವಾನ್ ರಾಜ ರಣಧೀರ ಕಂಠೀರವ

ಶ್ರೀರಂಗಪಟ್ಟಣ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಟಿಪ್ಪು ಸುಲ್ತಾನರು. ಅವರಿಗಿಂತ ಸುಮಾರು 140 ವರ್ಷ ಮೊದಲು ಅಲ್ಲಿ ಒಬ್ಬ ಪೈಲ್ವಾನ್ ರಾಜರು ಆಳುತ್ತಿದ್ದರು. ಅವರೇ ರಣಧೀರ ಕಂಠೀರವ ನರಸರಾಜ ಒಡೆಯರು.

ಇವರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು. ರಾಜರಾಗುವ ಮೊದಲು ಗುಂಡ್ಲುಪೇಟೆ ಕಡೆಯ ತೆರಕಣಾಂಬಿಯಲ್ಲಿ ಇದ್ದರು. ಗರಡಿ, ಕತ್ತಿವರಸೆ ಅಂದರೆ ಅವರಿಗೆ ಪ್ರಾಣ.

ಆಗ ನಡೆದ ಒಂದು ಕಥೆಯನ್ನು ಹಿರಿಯರು ಹೀಗೆ ಹೇಳುತ್ತಾರೆ. ತಿರುಚಿನಾಪಳ್ಳಿಯಲ್ಲಿ ಒಬ್ಬ ಭಾರಿ ಜಟ್ಟಿ ಇದ್ದನಂತೆ. ನನ್ನನ್ನು ಗೆಲ್ಲೋರೇ ಇಲ್ಲ ಅಂತ ಊರಬಾಗಿಲಿಗೆ ತನ್ನ ಚಲ್ಲಣ ಕಟ್ಟಿಸಿದ್ದನಂತೆ. ಬಂದವರೆಲ್ಲ ಅದರ ಕೆಳಗೇ ನುಗ್ಗಿ ಹೋಗಬೇಕು. ಎಂಥ ಅವಮಾನ ನೋಡಿ! ಕಂಠೀರವರು ವೇಷ ಮರೆಸಿಕೊಂಡು ಹೋದರು. ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು. ಆದರೂ ಕಣಕ್ಕೆ ಇಳಿದು ಆ ಜಟ್ಟಿಯನ್ನು ಸೋಲಿಸಿಬಿಟ್ಟರು. ಅಲ್ಲಿಯ ದೊರೆ ಬಹುಮಾನ ಕೊಡೋಣ ಅಂತ ಹುಡುಕಿಸಿದರೆ ಆಸಾಮಿಯೇ ಇಲ್ಲ! ರಾತ್ರೋರಾತ್ರಿ ವಾಪಸ್ ಹೊರಟಿದ್ದರು. ಗೆದ್ದರೂ ಹೆಸರು ಹೇಳಲಿಲ್ಲ. ನಾವಾದರೆ ಒಂದು ಕಬಡ್ಡಿ ಗೆದ್ದರೆ ಊರೆಲ್ಲ ಸಾರಿಕೊಂಡು ಬರುತ್ತೇವೆ.

1638ರಲ್ಲಿ ಇವರಿಗೆ ಪಟ್ಟವಾಯಿತು. ಆದರೆ ಅದು ಸುಖದ ಪಟ್ಟವಲ್ಲ. ಇವರಿಗಿಂತ ಮೊದಲು ರಾಜರಾಗಿದ್ದ ಇಮ್ಮಡಿ ರಾಜ ಒಡೆಯರಿಗೆ ದಳವಾಯಿ ವಿಕ್ರಮರಾಯ ವಿಷ ಹಾಕಿಸಿದ್ದ. ಇವರಿಗೂ ಅದೇ ಗತಿ ಬರಬಹುದಿತ್ತು. ಅದಕ್ಕೇ ಇವರು ತಡಮಾಡದೆ ಆ ದಳವಾಯಿಯನ್ನು ಕೊಲ್ಲಿಸಿದರು. ಆಗ ಇವರಿಗೆ ಬರೀ 23 ವರ್ಷ.

ಮರುವರ್ಷವೇ ಬಿಜಾಪುರದ ರಣದುಲ್ಲಾಖಾನ್ ದೊಡ್ಡ ಸೈನ್ಯ ತಂದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕೋಟೆ ಗೋಡೆಯೂ ಒಡೆಯಿತು. ಆದರೂ ಮೈಸೂರಿನವರು ಬಿಡದೆ ಹೊಡೆದಾಡಿ ಓಡಿಸಿದರು. ಇನ್ನೊಮ್ಮೆ ತಿರುಚಿನಾಪಳ್ಳಿ ಕಡೆಯವರು ಸೇಡಿಗಾಗಿ ಕೊಲೆಗಾರರನ್ನೇ ಕಳಿಸಿದರಂತೆ. ಅರಮನೆಯೊಳಗೆ ನುಗ್ಗಿದ ಅವರನ್ನು ರಾಜರು ತಾವೇ ಎದುರಿಸಿ ಕೊಂದರಂತೆ. ಗರಡಿಯಲ್ಲಿ ಸಾಮು ಮಾಡಿದ್ದು ಆವತ್ತು ಪ್ರಾಣ ಉಳಿಸಿತು.

ಟಂಕಸಾಲೆ ತೆರೆದು ನರಸಿಂಹಸ್ವಾಮಿ ಇರುವ ಪುಟ್ಟ ಚಿನ್ನದ ಹಣ ಮಾಡಿಸಿದರು. ಅದಕ್ಕೆ ಕಂಠೀರಾಯಿ ಹಣ ಅಂತ ಹೆಸರು. ಇವರ ಕಾಲದ ನವರಾತ್ರಿಯಲ್ಲಿ ಜಟ್ಟಿಗಳ ಕಾಳಗ ಜೋರಾಗಿ ನಡೆಯುತ್ತಿತ್ತು ಎಂದು ಗೋವಿಂದ ವೈದ್ಯ ಎಂಬ ಕವಿ ಬರೆದಿದ್ದಾನೆ. 1960ರಲ್ಲಿ ಬಂದ ಸಿನಿಮಾದಲ್ಲಿ ರಾಜಕುಮಾರ್ ಇವರ ಪಾತ್ರ ಮಾಡಿದ್ದಾರೆ.

ಇಷ್ಟು ಗಟ್ಟಿ ಆಳು 1659ರಲ್ಲಿ ತೀರಿಕೊಂಡರು. ಬರೀ 44 ವರ್ಷ, ಹೆಚ್ಚುಕಮ್ಮಿ ನಮ್ಮಪ್ಪನ ವಯಸ್ಸು.

ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಸ್ಥಾನ ಇವರೇ ಕಟ್ಟಿಸಿದ್ದು. ಅಲ್ಲಿ ಇವರ ವಿಗ್ರಹವೂ ಇದೆ. ಮುಂದಿನ ಸಲ ಹೋದಾಗ ರಂಗನಾಥಸ್ವಾಮಿ ದರ್ಶನ ಮಾಡಿ ಹಾಗೇ ಬಸ್ ಹತ್ತಬೇಡಿ, ಅಲ್ಲಿಗೂ ಹೋಗಿ ನೋಡಿ.