ಪುಣೆಯಲ್ಲಿ ಕಲಿತ ಕನ್ನಡಿಗ: ಸರ್ ಎಂ. ವಿಶ್ವೇಶ್ವರಯ್ಯನವರು

ವಿದ್ಯಾರ್ಥಿಗಳೇ, ನಮ್ಮ ಶಿವಾಜಿನಗರದ ಇಂಜಿನಿಯರಿಂಗ್ ಕಾಲೇಜನ್ನು ನೀವೆಲ್ಲರೂ ನೋಡಿರುವಿರಿ. 1854ರಲ್ಲಿ ಆರಂಭವಾದ ಆ ವಿದ್ಯಾಲಯಕ್ಕೆ ಹಿಂದೊಮ್ಮೆ ಕನ್ನಡ ನಾಡಿನ ಬಡ ತರುಣನೊಬ್ಬನು ಬಂದು ಸೇರಿದನು. ಆತನೇ ಮುಂದೆ ಜಗತ್ಪ್ರಸಿದ್ಧರಾದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರು ಜನಿಸಿದುದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ, ಅದರಿಂದ ಬಂದ ಹಣದಿಂದಲೇ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಇಂಜಿನಿಯರಾಗಬೇಕೆಂಬ ಹಂಬಲವೇನೋ ಇದ್ದಿತು. ಆದರೆ ಅದಕ್ಕೆ ಬೇಕಾದ ಕಾಲೇಜು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು, ಊರು, ಭಾಷೆ, ಬಂಧುಬಳಗವನ್ನೆಲ್ಲ ಬಿಟ್ಟು ಅವರು ಪುಣೆಗೆ ಬಂದರು. 1883ರ ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಪುಣೆಗೆ ನೀರುಣಿಸುವ ಖಡಕವಾಸಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರೆಲ್ಲ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ವಿಶ್ವೇಶ್ವರಯ್ಯನವರು ಅಣೆಕಟ್ಟನ್ನು ಎತ್ತರಿಸಲಿಲ್ಲ. ಕೋಡಿಗೆ ಸ್ವಯಂಚಾಲಿತ ಬಾಗಿಲುಗಳನ್ನು ರಚಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಅವು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಇಳಿದೊಡನೆ ಮುಚ್ಚಿಕೊಳ್ಳುತ್ತಿದ್ದವು. 1903ರಲ್ಲಿ ಅವು ಅಲ್ಲಿ ಸ್ಥಾಪಿತವಾದವು.

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1912ರಿಂದ 1918ರ ವರೆಗೆ ದಿವಾನರಾಗಿದ್ದ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ವಿದ್ಯೆಗಾಗಿ ತಾವು ಪರಸ್ಥಳಕ್ಕೆ ಹೋಗಬೇಕಾಗಿ ಬಂದುದನ್ನು ಅವರು ಮರೆತಿರಲಾರರೆಂದು ನಾವು ಭಾವಿಸುತ್ತೇವೆ. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಆ ಶತಾಯುಷಿಗಳು 1962ರ ಏಪ್ರಿಲ್‌ನಲ್ಲಿ ಕಾಲವಶರಾದರು.

ಅದೇ ವರ್ಷ ಜುಲೈ 14ರಂದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು ಪ್ರಧಾನಿ ಜವಾಹರಲಾಲ ನೆಹರೂ ಅವರು ಉದ್ಘಾಟಿಸಿದರು. ಅಲ್ಲಿ ಮಕ್ಕಳು ದೂರ ನಿಂತು ನೋಡಿ ಹಿಂದಿರುಗಬೇಕಾಗಿಲ್ಲ. ಹಿಡಿಕೆ ತಿರುಗಿಸಿ, ಗುಂಡಿ ಒತ್ತಿ, ಯಂತ್ರಗಳ ಮರ್ಮವನ್ನು ತಾವೇ ಅರಿಯಬಹುದು. ಬೆಂಗಳೂರಿಗೆ ಬರಲಾರದ ಹಳ್ಳಿಯ ಮಕ್ಕಳಿಗಾಗಿ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸು ಶಾಲೆಗಳ ಬಾಗಿಲಿಗೇ ಹೋಗುತ್ತದೆ. ಅಂದು ಹಳ್ಳಿಯ ಬಾಲಕನು ವಿದ್ಯೆಯನ್ನು ಅರಸಿ ಹೊರಟನು; ಇಂದು ಅವರ ಹೆಸರಿನಲ್ಲಿ ವಿದ್ಯೆಯೇ ಹಳ್ಳಿಯ ಬಾಲಕರನ್ನು ಅರಸಿ ಹೊರಡುತ್ತದೆ.

ಪರಸ್ಥಳದಲ್ಲಿ ಕನ್ನಡದಲ್ಲಿ ಓದುವ ನಮಗೆ ವಿಜ್ಞಾನವು ಎಟುಕದೆಂದು ಯಾರೂ ಅಳುಕಬೇಕಾಗಿಲ್ಲ. ಕಣ್ಣಿಂದ ಕಂಡು, ಕೈಯಿಂದ ಮುಟ್ಟಿ ತಿಳಿದುದು ಎಲ್ಲ ಭಾಷೆಯವರಿಗೂ ಒಂದೇ. ನಮ್ಮ ಶಿವಾಜಿನಗರದ ಘೋಲೆ ರಸ್ತೆಯಲ್ಲಿಯೇ ಮಹಾತ್ಮಾ ಫುಲೆ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋಗಿರಿ, ಒಂದೊಂದು ವಸ್ತುವಿನ ಮುಂದೆಯೂ ನಿಂತು, ಇದು ಏಕೆ ಹೀಗಿದೆ ಎಂದು ಕೇಳಿಕೊಳ್ಳಿರಿ. ವಿಶ್ವೇಶ್ವರಯ್ಯನವರಿಗೆ ನಾವು ಸಲ್ಲಿಸಬಹುದಾದ ಗೌರವವು ಇದೇ.