ಬೇಗಂ ಸಮ್ರು

ಬೇಗಂ ಸಮ್ರು (ಸು. 1753 – 27 ಜನವರಿ 1836) ಮೀರತ್ ಸಮೀಪದ ಸರ್ಧಾನ ಸಂಸ್ಥಾನವನ್ನು ಐದು ದಶಕಗಳಿಗೂ ಹೆಚ್ಚು ಕಾಲ ಆಳಿದ ಮಹಿಳೆ. ಈಕೆಯ ಮೊದಲ ಹೆಸರು ಫರ್ಜಾನ. ದೆಹಲಿಯಲ್ಲಿ ನರ್ತಕಿಯಾಗಿದ್ದ ಈಕೆ ಐರೋಪ್ಯ ಬಾಡಿಗೆ ಸೇನಾನಿ ವಾಲ್ಟರ್ ರೈನ್‌ಹಾರ್ಟ್‌ನ ಬಾಳಸಂಗಾತಿಯಾದಳು. ಆತನ ಮರಣಾನಂತರ ಆತನ ಸೇನೆ ಹಾಗೂ ಜಾಗೀರಿನ ಒಡೆತನ ಪಡೆದಳು. ಮೊಘಲ್ ಸಾಮ್ರಾಜ್ಯದ ಅವನತಿಯ ಕಾಲದಲ್ಲಿ ಮರಾಠರು, ಸಿಖ್ಖರು, ರೋಹಿಲರು ಮತ್ತು ಬ್ರಿಟಿಷರ ನಡುವೆ ತನ್ನ ಸಣ್ಣ ಸಂಸ್ಥಾನವನ್ನು ಕೊನೆಯವರೆಗೂ ಉಳಿಸಿಕೊಂಡದ್ದು ಈಕೆಯ ವಿಶೇಷ ಸಾಧನೆ.

ಆರಂಭಿಕ ಜೀವನ

ಫರ್ಜಾನ ಇಂದಿನ ಪಶ್ಚಿಮ ಉತ್ತರ ಪ್ರದೇಶದ ಕೋಟಾನ ಎಂಬ ಊರಿನಲ್ಲಿ ಜನಿಸಿದಳು. ತಂದೆ ತೀರಿಕೊಂಡ ಬಳಿಕ ಮಲಸಹೋದರನ ಕಿರುಕುಳ ತಾಳಲಾರದೆ ತಾಯಿ ಮಗಳು ಮನೆ ಬಿಟ್ಟು ದೆಹಲಿ ಸೇರಿದರು. ಅಲ್ಲಿನ ಚಾವಡಿ ಬಜಾರಿನಲ್ಲಿ ಫರ್ಜಾನ ನೃತ್ಯ ಕಲಿತು ಬೆಳೆದಳು. ನೆಲೆ, ಬಂಧುಬಳಗ, ಆಸ್ತಿ ಯಾವುದೂ ಇಲ್ಲದ ಹೆಣ್ಣುಮಗಳಾಗಿದ್ದ ಆಕೆಗೆ 1760ರ ದಶಕದ ಮಧ್ಯಭಾಗದಲ್ಲಿ ರೈನ್‌ಹಾರ್ಟ್‌ನ ಪರಿಚಯವಾಯಿತು.

ರೈನ್‌ಹಾರ್ಟ್‌ನೊಡನೆ ಬಾಳು

ರೈನ್‌ಹಾರ್ಟ್ ಕೂಡ ಎಲ್ಲಿಯೂ ಸಲ್ಲದ ಮನುಷ್ಯ. ಜರ್ಮನ್ ಭಾಷಿಕ ಮೂಲದವನಾದ ಈತ ಹಲವು ದೊರೆಗಳ ಕೈಕೆಳಗೆ ಕೂಲಿಗಾಗಿ ಕಾದಾಡಿದವನು. 1763ರಲ್ಲಿ ಬಂಗಾಳದ ನವಾಬ ಮೀರ್ ಕಾಸಿಂನ ಸೇವೆಯಲ್ಲಿದ್ದಾಗ ಪಟ್ನಾದಲ್ಲಿ ಆಂಗ್ಲ ಕೈದಿಗಳ ಹತ್ಯೆ ನಡೆಸಿದ್ದರಿಂದ ಬ್ರಿಟಿಷರು ಜೀವನಪರ್ಯಂತ ಆತನ ಬೆನ್ನುಬಿದ್ದಿದ್ದರು. ಆತನ ಮಂಕು ಮುಖಭಾವದಿಂದಾಗಿ ಬಂದ ಸೋಂಬ್ರ್ ಎಂಬ ಫ್ರೆಂಚ್ ಅಡ್ಡಹೆಸರು ಭಾರತೀಯರ ಬಾಯಲ್ಲಿ ಸಮ್ರು ಆಯಿತೆಂದು ಹೇಳಲಾಗುತ್ತದೆ.

ವಯಸ್ಸು, ಭಾಷೆ, ಮತ ಯಾವುದರಲ್ಲಿಯೂ ಇಬ್ಬರಿಗೆ ಹೊಂದಿಕೆಯಿರಲಿಲ್ಲ. ರೈನ್‌ಹಾರ್ಟ್‌ಗೆ ಬೇರೊಬ್ಬ ಹೆಂಡತಿಯೂ ಜಫರ್‌ಯಾಬ್ ಖಾನ್ ಎಂಬ ಮಗನೂ ಇದ್ದರು. ಆದರೂ ಫರ್ಜಾನ ಆತನನ್ನು ಬಿಡದೆ ದಂಡಿನೊಡನೆ ಸಂಚರಿಸಿದಳು. ಸೈನಿಕರ ಸಂಬಳ, ರಾಜಕೀಯ ಸಂಧಾನ ಮೊದಲಾದ ವ್ಯವಹಾರಗಳನ್ನು ಅರಿತಳು. ಮೊಘಲ್ ದೊರೆ ಎರಡನೆಯ ಶಾ ಆಲಂನ ಸೇವೆಗೆ ಪ್ರತಿಯಾಗಿ ರೈನ್‌ಹಾರ್ಟ್‌ಗೆ ಸರ್ಧಾನದ ಜಾಗೀರು ದೊರೆಯಿತು. 1778ರಲ್ಲಿ ಆತ ಆಗ್ರಾದಲ್ಲಿ ನಿಧನನಾದನು.

ಸರ್ಧಾನದ ಒಡತಿ

ರೈನ್‌ಹಾರ್ಟ್‌ನ ಅಧಿಕಾರಿಗಳ ಮತ್ತು ಸೈನಿಕರ ಬೆಂಬಲದಿಂದ ಬೇಗಂ ಜಾಗೀರನ್ನು ವಹಿಸಿಕೊಂಡಳು. 1781ರಲ್ಲಿ ಆಗ್ರಾದಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ ಜೊವಾನ್ನ ಎಂಬ ಹೆಸರು ಪಡೆದಳು. ರೋಹಿಲ ನಾಯಕ ಗುಲಾಂ ಕಾದಿರ್ ದೆಹಲಿಗೆ ಮುತ್ತಿಗೆ ಹಾಕಿದಾಗ ಶಾ ಆಲಂನ ನೆರವಿಗೆ ಧಾವಿಸಿದಳು. 1788ರಲ್ಲಿ ಗೋಕಲಗಢದ ಕದನದಲ್ಲಿ ದೊರೆಯ ಶಿಬಿರ ಅಪಾಯಕ್ಕೆ ಸಿಲುಕಿದಾಗ ಪಲ್ಲಕ್ಕಿಯಲ್ಲಿ ಕುಳಿತೇ ಸೇನೆಯನ್ನು ಮುನ್ನಡೆಸಿದಳು. ಶಾ ಆಲಂ ಆಕೆಯನ್ನು ಪ್ರೀತಿಯ ಮಗಳೆಂದು ಗೌರವಿಸಿ ಬಿರುದುಗಳನ್ನಿತ್ತನು.

ಎರಡನೆಯ ವಿವಾಹ ಮತ್ತು ದಂಗೆ

ಬೇಗಂಳ ಸೇನೆಯಲ್ಲಿದ್ದ ಐರೋಪ್ಯ ಅಧಿಕಾರಿಗಳಲ್ಲಿ ಐರ್ಲೆಂಡಿನ ನಾವಿಕ ಜಾರ್ಜ್ ಥಾಮಸ್ ಹಾಗೂ ಫ್ರಾನ್ಸಿನ ಲೆ ವಾಸೊ ಪ್ರಮುಖರು. ಥಾಮಸ್ ಸಾಹಸಿ, ಸೈನಿಕರಿಗೆ ಬೇಕಾದವನು. ಲೆ ವಾಸೊ ವಿದ್ಯಾವಂತ, ಗರ್ವಿಷ್ಠ. ಇವರ ಪೈಪೋಟಿಯಲ್ಲಿ ಥಾಮಸ್ ಸರ್ಧಾನವನ್ನು ಬಿಟ್ಟು ಮರಾಠಾ ಸರದಾರನೊಬ್ಬನ ಸೇವೆಗೆ ಸೇರಿದನು. 1793ರಲ್ಲಿ ಬೇಗಂ ಲೆ ವಾಸೊನನ್ನು ಗುಟ್ಟಾಗಿ ವಿವಾಹವಾದಳು.

ಮದುವೆಯ ವಿಷಯ ಸೈನಿಕರಿಗೆ ತಿಳಿದಿರಲಿಲ್ಲ. ರೈನ್‌ಹಾರ್ಟ್‌ನ ವಿಧವೆಯೆಂಬ ಸ್ಥಾನವೇ ಆಕೆಯ ಅಧಿಕಾರಕ್ಕೆ ಆಧಾರವಾಗಿದ್ದುದರಿಂದ ಲೆ ವಾಸೊನೊಡನೆ ಆಕೆಯ ನಿಕಟತೆ ಅವರಲ್ಲಿ ಅಸಮಾಧಾನ ಮೂಡಿಸಿತು. ಲೆ ವಾಸೊ ಇತರ ಅಧಿಕಾರಿಗಳೊಡನೆ ಒಂದೇ ಮೇಜಿನಲ್ಲಿ ಊಟ ಮಾಡಲು ನಿರಾಕರಿಸಿದ್ದರಿಂದ ಅದು ಇನ್ನಷ್ಟು ಹೆಚ್ಚಿತು. 1795ರಲ್ಲಿ ಸೈನಿಕರು ದಂಗೆಯೆದ್ದು ಜಫರ್‌ಯಾಬ್ ಖಾನನನ್ನು ಒಡೆಯನನ್ನಾಗಿ ಮಾಡಲು ಹೊರಟರು. ದಂಪತಿಗಳು ಬ್ರಿಟಿಷರ ಆಶ್ರಯ ಬಯಸಿ ರಾತ್ರೋರಾತ್ರಿ ಸರ್ಧಾನದಿಂದ ಹೊರಟರು. ಸೆರೆಸಿಕ್ಕರೆ ಇಬ್ಬರೂ ಪ್ರಾಣ ಬಿಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದರು.

ಬೆನ್ನಟ್ಟಿದ ಸೈನಿಕರು ಸಮೀಪಿಸಿದಾಗ ಬೇಗಂ ಪಲ್ಲಕ್ಕಿಯೊಳಗೆ ಕಠಾರಿಯಿಂದ ಇರಿದುಕೊಂಡಳು. ದಾಸಿಯರ ಗೋಳನ್ನು ಕೇಳಿ, ರಕ್ತಸಿಕ್ತ ವಸ್ತ್ರವನ್ನು ಕಂಡ ಲೆ ವಾಸೊ ಆಕೆ ಸತ್ತಳೆಂದು ಭಾವಿಸಿ ಗುಂಡು ಹಾರಿಸಿಕೊಂಡು ಅಸುನೀಗಿದನು. ಬೇಗಂಳ ಗಾಯ ಮಾರಣಾಂತಿಕವಾಗಿರಲಿಲ್ಲ. ಆಕೆ ಬೇಕೆಂದೇ ಗಂಡನನ್ನು ವಂಚಿಸಿದಳೆಂದು ಕೆಲವರು ಆಪಾದಿಸಿದ್ದಾರೆ. ಧೈರ್ಯಗುಂದಿ ಕೈ ತಡೆಯಿತೆಂಬುದು ಇತರರ ಅಭಿಪ್ರಾಯ. ದಂಗೆಕೋರರು ಆಕೆಯನ್ನು ಸರ್ಧಾನಕ್ಕೆ ಎಳೆದೊಯ್ದು ಹಲವು ದಿನಗಳ ಕಾಲ ಫಿರಂಗಿಗೆ ಕಟ್ಟಿಹಾಕಿದರು.

ಹಿಂದಿನ ಮನಸ್ತಾಪವನ್ನು ಮರೆತು ಜಾರ್ಜ್ ಥಾಮಸ್ ಆಕೆಯ ನೆರವಿಗೆ ಬಂದನು. ಆತನ ಯತ್ನ ಹಾಗೂ ಮರಾಠರ ಸಮ್ಮತಿಯಿಂದ ಬೇಗಂ ಮತ್ತೆ ಅಧಿಕಾರ ಪಡೆದಳು. ಅಲ್ಲಿಂದ ಮುಂದೆ ಮದುವೆಯಾಗದೆ ಸಮ್ರು ಎಂಬ ಹೆಸರಿನಲ್ಲೇ ಉಳಿದಳು. 1802ರಲ್ಲಿ ಥಾಮಸ್ ನಿಧನನಾದ ಬಳಿಕ ಆತನ ಕುಟುಂಬಕ್ಕೆ ಆಸರೆಯಿತ್ತಳು.

ಬ್ರಿಟಿಷರೊಡನೆ ಸಂಬಂಧ ಹಾಗೂ ಕೊನೆಯ ದಿನಗಳು

1803ರ ಅಸ್ಸಾಯೆ ಕದನದಲ್ಲಿ ಬೇಗಂಳ ತುಕಡಿಗಳು ಸಿಂಧಿಯಾ ಪಕ್ಷದಲ್ಲಿದ್ದವು. ಅದೇ ವರ್ಷ ಆಕೆ ಲಾರ್ಡ್ ಲೇಕ್‌ನನ್ನು ಕಂಡು ಬ್ರಿಟಿಷರ ಪಕ್ಷ ಸೇರಿದಳು. 1805ರ ಒಪ್ಪಂದದಂತೆ ಸರ್ಧಾನ ಆಕೆಯ ಜೀವಿತಾವಧಿಯವರೆಗೆ ಆಕೆಯ ವಶದಲ್ಲಿಯೇ ಉಳಿಯಿತು.

ಇಟಲಿಯ ಆಂಟೋನಿಯೊ ರೆಗೆಲ್ಲಿನಿಯ ವಿನ್ಯಾಸದಲ್ಲಿ ಬೇಗಂ ಕಟ್ಟಿಸಿದ ಸರ್ಧಾನದ ಚರ್ಚು 1822ರಲ್ಲಿ ಪೂರ್ಣಗೊಂಡಿತು. 1961ರಲ್ಲಿ ಇದಕ್ಕೆ ಬೆಸಿಲಿಕಾ ಸ್ಥಾನ ದೊರೆಯಿತು. ದೆಹಲಿಯ ಚಾಂದನಿ ಚೌಕದಲ್ಲಿದ್ದ ಆಕೆಯ ಅರಮನೆ ಈಗ ಭಾಗೀರಥ ಪ್ಯಾಲೆಸ್ ಎಂಬ ಮಾರುಕಟ್ಟೆಯಾಗಿದೆ. ಸ್ವಂತ ಮಕ್ಕಳಿಲ್ಲದ ಆಕೆ ರೈನ್‌ಹಾರ್ಟ್‌ನ ಮರಿಮಗ ಡೇವಿಡ್ ಡೈಸ್ ಸೋಂಬ್ರ್‌ನನ್ನು ಉತ್ತರಾಧಿಕಾರಿಯನ್ನಾಗಿ ಮಾಡಿದ್ದಳು. 1836ರಲ್ಲಿ ಆಕೆ ನಿಧನಳಾದೊಡನೆ ಈಸ್ಟ್ ಇಂಡಿಯಾ ಕಂಪನಿ ಸರ್ಧಾನವನ್ನು ವಶಪಡಿಸಿಕೊಂಡಿತು. ಇಂಗ್ಲೆಂಡಿಗೆ ತೆರಳಿದ ಡೈಸ್ ಸೋಂಬ್ರ್ 1841ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರೂ ಮರುವರ್ಷ ಆ ಆಯ್ಕೆ ಅಸಿಂಧುವಾಯಿತು. ಬೇಗಂಳ ಸಮಾಧಿ ಸರ್ಧಾನದ ಚರ್ಚಿನೊಳಗಿದ್ದು, ಅದರ ಮೇಲಿನ ಅಮೃತಶಿಲೆಯ ಶಿಲ್ಪಗಳನ್ನು ಇಟಲಿಯ ಶಿಲ್ಪಿ ಅದಾಮೊ ತದೊಲಿನಿ ಕೆತ್ತಿದ್ದಾನೆ.