ಇಂಟರ್‌ಫೆರಾನ್ ಕಂಡುಹಿಡಿದ ಅಲಿಕ್ ಐಸಾಕ್ಸ್ ಮತ್ತು ಟಿ-ಕೋಶಗಳ ಅಳಿವು-ಉಳಿವು

ಫ್ಲೂ ಬಂದಾಗ ಮೈಕೈ ನೋವು, ಚಳಿ, ಸುಸ್ತು ಕಾಡುತ್ತವೆ. ಇದೆಲ್ಲ ವೈರಸ್ಸಿನದೇ ಕಾಟ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇದರಲ್ಲಿ ದೊಡ್ಡ ಪಾಲು ನಮ್ಮದೇ ಜೀವಕೋಶಗಳು ಹೊರಬಿಡುವ ಸಂದೇಶದ ಅಣುಗಳದ್ದು. ಅಂಥ ಒಂದು ಅಣುವೇ ಇಂಟರ್‌ಫೆರಾನ್. ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ಅಲಿಕ್ ಐಸಾಕ್ಸ್.

ಐಸಾಕ್ಸ್ ಹುಟ್ಟಿದ್ದು 1921ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಲ್ಲಿಯೇ ವೈದ್ಯಕೀಯ ಓದಿ ಸಂಶೋಧನೆಗೆ ಇಳಿದರು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮ್ಯಾಕ್‌ಫಾರ್ಲೇನ್ ಬರ್ನೆಟ್ ಅವರ ಬಳಿ ಫ್ಲೂ ವೈರಸ್ ಬಗ್ಗೆ ಕೆಲಸ ಮಾಡಿದರು. ಆಮೇಲೆ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿದರು.

ಒಂದು ವೈರಸ್ ಹೊಕ್ಕ ಕೋಶದಲ್ಲಿ ಇನ್ನೊಂದು ವೈರಸ್ ಬೆಳೆಯಲು ಕಷ್ಟಪಡುತ್ತದೆ ಎಂಬುದು ಆಗಲೇ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಇದನ್ನು ತಿಳಿಯಲು ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಲಿಂಡೆನ್‌ಮನ್ ಒಂದು ಪ್ರಯೋಗ ಮಾಡಿದರು. ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಪೊರೆಯ ತುಣುಕಿಗೆ ತಾಗಿಸಿದರು. ತುಣುಕನ್ನು ತೊಳೆದು ಹೊಸ ದ್ರವದಲ್ಲಿಟ್ಟರು. ನಂತರ ಆ ದ್ರವವನ್ನಷ್ಟೇ ಬೇರೊಂದು ಪೊರೆಗೆ ಹಾಕಿದರು. ಅದರಲ್ಲಿ ಜೀವಂತ ವೈರಸ್ ಸರಿಯಾಗಿ ಬೆಳೆಯಲೇ ಇಲ್ಲ! ಅಂದರೆ ವೈರಸ್ ತಾಗಿದ ಕೋಶ ಏನನ್ನೋ ಹೊರಬಿಟ್ಟು ಉಳಿದ ಕೋಶಗಳನ್ನು ಎಚ್ಚರಿಸುತ್ತಿತ್ತು. 1957ರಲ್ಲಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಪತ್ರಿಕೆಗಳು ಸಂಭ್ರಮಿಸಿದರೂ ಹಲವು ವಿಜ್ಞಾನಿಗಳು ನಂಬಲಿಲ್ಲ. ಸಿಗುತ್ತಿದ್ದ ಪ್ರಮಾಣ ಅತ್ಯಲ್ಪವಾದ್ದರಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿ ತೋರಿಸಲು ಆಗಲಿಲ್ಲ. ಈ ನಡುವೆ ಐಸಾಕ್ಸ್ ಖಿನ್ನತೆಯಿಂದ ಬಳಲಿದರು; 1964ರಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಯಿತು. 1967ರ ಜನವರಿಯಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂಟರ್‌ಫೆರಾನ್ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1986ರಲ್ಲಿ.

ಐಸಾಕ್ಸ್ ಕಾಲದಲ್ಲಿ ಟಿ-ಕೋಶಗಳ ಬಗ್ಗೆ ತಿಳಿವಳಿಕೆ ಇನ್ನೂ ಮೊಳಕೆಯೊಡೆಯುತ್ತಿತ್ತು. ಇವು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬಲಿಯುವ ಬಿಳಿ ರಕ್ತಕಣಗಳು. ಸೋಂಕು ತಗಲಿದಾಗ ಆ ರೋಗಾಣುವನ್ನು ಗುರುತಿಸುವ ಟಿ-ಕೋಶಗಳು ಸಾವಿರಾರು ಪಟ್ಟು ಹೆಚ್ಚುತ್ತವೆ. ಸೋಂಕು ಇಳಿದ ಮೇಲೆ ಅವುಗಳಲ್ಲಿ ಸುಮಾರು ಶೇ. 90ಕ್ಕಿಂತ ಹೆಚ್ಚು ಸಾಯುತ್ತವೆ. ಉಳಿದವು ಆ ರೋಗಾಣುವಿನ ನೆನಪು ಇಟ್ಟುಕೊಳ್ಳುತ್ತವೆ.

ಯಾವ ಕೋಶ ಉಳಿಯಬೇಕು, ಯಾವುದು ಸಾಯಬೇಕು ಎಂಬುದರಲ್ಲಿ ಸೈಟೋಕೈನ್ ಎಂಬ ಸಂದೇಶದ ಅಣುಗಳ ಪಾತ್ರ ದೊಡ್ಡದು. ಇಂಟರ್‌ಲ್ಯೂಕಿನ್-7 ಮತ್ತು 15 ಟಿ-ಕೋಶಗಳನ್ನು ಉಳಿಸುತ್ತವೆ. ಇಂಟರ್‌ಲ್ಯೂಕಿನ್-2 ಅವುಗಳನ್ನು ಬೆಳೆಸುತ್ತದೆ, ಕೆಲವೊಮ್ಮೆ ಸಾವಿಗೂ ಸಜ್ಜುಗೊಳಿಸುತ್ತದೆ. ಇಂಟರ್‌ಫೆರಾನ್ ಕೂಡ ಸೈಟೋಕೈನ್‌ಗಳ ಗುಂಪಿಗೇ ಸೇರಿದ್ದು. ಚುರುಕುಗೊಂಡ ಟಿ-ಕೋಶಗಳನ್ನು ಅದು ಸಾಯದಂತೆ ಕಾಯಬಲ್ಲದು ಎಂದು 1999ರಲ್ಲಿ ಫಿಲಿಪ್ಪಾ ಮರ್ರಾಕ್ ಮತ್ತು ಸಂಗಡಿಗರು ಇಲಿಗಳ ಕೋಶಗಳಲ್ಲಿ ತೋರಿಸಿದರು. ಆದರೆ 2013ರಲ್ಲಿ ಎರಡು ತಂಡಗಳು ಕಂಡದ್ದು ಬೇರೆಯೇ: ಬಹುಕಾಲ ಸೋಂಕು ಉಳಿದ ಇಲಿಗಳಲ್ಲಿ ಇಂಟರ್‌ಫೆರಾನ್ ಸಂದೇಶವನ್ನು ತಡೆದಾಗಲೇ ವೈರಸ್ ಬೇಗ ತೊಲಗಿತು!

ಹಾಗಾದರೆ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿದಷ್ಟೂ ಒಳ್ಳೆಯದೇ? ಅಲ್ಲ. ಟಿ-ಕೋಶಗಳು ಸಾಯಬೇಕಾದಾಗ ಸಾಯದಿದ್ದರೆ ನಮ್ಮ ದೇಹದ ಮೇಲೇ ತಿರುಗಿಬೀಳಬಹುದು. ಇಮ್ಯೂನಿಟಿ ಬೂಸ್ಟರ್ ಎಂಬ ಜಾಹೀರಾತು ಕಂಡಾಗ ಯಾವ ಕೋಶವನ್ನು, ಯಾವಾಗ, ಎಷ್ಟು ಹೆಚ್ಚಿಸುತ್ತದೆ ಎಂದು ಕೇಳೋಣ. ಲಸಿಕೆಗಳು ಮುಖ್ಯವಾಗಿ ಆಯಾ ರೋಗಾಣುವನ್ನು ಗುರುತಿಸುವ ಕೋಶಗಳನ್ನು ಸಜ್ಜುಗೊಳಿಸುತ್ತವೆ; ಹಾಗಾಗಿ ಅವನ್ನು ತಪ್ಪದೆ ಹಾಕಿಸಿಕೊಳ್ಳೋಣ.